ಮಾರಿಹಿಟ್ಟು ಒಣಗುವ ತನಕ

ನವನಗರದ ಅಬೀದಾ ದಿನಾ ಬೆಳಗಿನ ನಮಾಜು ಮುಗಿಸಿ, ಚಾಪೆ ಮಡಚಿಟ್ಟು, ‘ಬಿಸ್ಮಿಲ್ಲಾ’ ಎಂದು ಒಂದು ಡಬ್ಬಿಯ ಮುಚ್ಚಳ ತೆಗೆಯುತ್ತಾಳೆ. ಅದರೊಳಗಿನ ಹಿಟ್ಟನ್ನು ಒಂದು ಚಮಚ ಮೊಸರಿನಲ್ಲಿ ಕಲಸಿ ಮುಖಕ್ಕೆ ಹಚ್ಚಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂಡುತ್ತಾಳೆ. ಜ್ವರ ಬಂದ ದಿನವೂ ಇದು ತಪ್ಪಿಲ್ಲ, ಮಗಳ ಮದುವೆಯ ದಿನವೂ ತಪ್ಪಿಲ್ಲ. ಕಡಲೆಹಿಟ್ಟು, ಹೆಸರುಬೇಳೆ, ಒಣಗಿಸಿದ ಕಿತ್ತಳೆ ಸಿಪ್ಪೆ, ಗುಲಾಬಿ ಎಸಳು, ಬೇವಿನೆಲೆ, ಕಸ್ತೂರಿ ಅರಿಷಿಣ. ಎಲ್ಲವೂ ಅಡುಗೆಮನೆ ಮತ್ತು ಹಿತ್ತಲಿನ ಸಾಮಾನು. ಮಾರಿಗೆ, ಅಂದರೆ ಮುಖಕ್ಕೆ, ಹಚ್ಚುವ ಹಿಟ್ಟಾದ್ದರಿಂದ ಓಣಿಯ ಹೆಂಗಸರು ಅದಕ್ಕೆ ‘ಮಾರಿಹಿಟ್ಟು’ ಎಂದು ಹೆಸರಿಟ್ಟು, ಹತ್ತು ರೂಪಾಯಿಗೆ ಒಂದು ಕಾಗದದ ಪಾಕೀಟು ಒಯ್ಯುತ್ತಾರೆ.

ಹಚ್ಚಿಕೊಂಡ ಮೇಲೆ ಅದು ಒಣಗುವ ತನಕ ತುಟಿ ಅಲುಗಿಸುವಂತಿಲ್ಲ. ಅಲುಗಿಸಿದರೆ ಬಿರುಕು ಬಿಟ್ಟು ಮಡಿಲಿಗೆ ಉದುರುತ್ತದೆ.

ಅವಳ ಗಂಡ ಮಕಬೂಲಸಾಬನಿಗೆ ಮನೆಯಲ್ಲಿ ಮಾತಾಡಲು ಸಿಗುವುದು ಆ ಹೊತ್ತೊಂದೇ. ರಾಯಾಪುರದಲ್ಲಿ ಅವನದು ಫ್ಯಾನು, ಮಿಕ್ಸಿ, ನೀರಿನ ಮೋಟರು ರಿಪೇರಿಯ ಅಂಗಡಿ. ಅವನು ಮುಟ್ಟಿದ ಫ್ಯಾನುಗಳೆಲ್ಲ ಸುಂಟರಗಾಳಿಯಂತೆ ತಿರುಗುತ್ತವೆ. ಅವನ ಸ್ವಂತ ಪಡಸಾಲೆಯ ಫ್ಯಾನು ಮಾತ್ರ ತೂಕಡಿಸುತ್ತದೆ. ಒಂದು ಕಂಡೆನ್ಸರ್ ಬದಲಿಸಿದರೆ ಆಯಿತು. ಆದರೆ ಫ್ಯಾನು ಜೋರಾದರೆ ಹಿಟ್ಟು ಬೇಗ ಒಣಗುತ್ತದೆ, ಹಿಟ್ಟು ಬೇಗ ಒಣಗಿದರೆ ಅವನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಆ ಕಂಡೆನ್ಸರ್ ಯಾವತ್ತೂ ‘ನಾಳೆ’ ಬರುತ್ತದೆ.

ಇವತ್ತು ಸೂರ್ಯ ಏರುವ ಹೊತ್ತಿಗೆ ಜಗಳ ನಡುಮಧ್ಯಕ್ಕೆ ಬಂದಿತ್ತು. ಸದ್ದು ಮಾತ್ರ ಒಂದೇ ಕಡೆಯಿಂದ.

ಮಕಬೂಲಸಾಬ: ಅಷ್ಟ ಕಣ್ಣ ಬಿಡಬ್ಯಾಡ. ಹಣಿ ಮ್ಯಾಲ ಬಿರುಕು ಬಿಟ್ಟೀತು. ನಿನ್ನ ಒಪ್ಪಿಗಿ ತಗೊಂಡ ಮ್ಯಾಲನ ಆಕಿಗೆ ಬಾ ಅಂದೇನಿ.

ಅಬೀದಾ ಕೈ ತಿರುಗಿಸಿ ‘ಯಾವಾಗ?’ ಎಂದು ಕೇಳಿದಳು.

ಮಕಬೂಲಸಾಬ: ಯಾವಾಗ ಅಂದ್ರ? ಮೊನ್ನಿ. ಇದ ಕುರ್ಚಿ, ಇದ ಹೊತ್ತು. ನಮ್ಮ ಖಾದರಬಾಷಾನ ಮಗಳು ನೂರಜಹಾನ ಹುಬ್ಬಳ್ಳ್ಯಾಗ ಪಾರ್ಲರ್ ತಗದಾಳ, ನಿನ್ನ ಹಿಟ್ಟ ಬಾಟ್ಲಿಗೆ ತುಂಬಿ ಮಾರ್ತಾಳಂತ, ಹೂಂ ಅನ್ಲೇನು ಅಂತ ಕೇಳಿದ್ನಿ. ನೀ ಸುಮ್ಕ ಕುಂತಿ.

ಅಬೀದಾ ತನ್ನ ಮುಖದ ಸುತ್ತ ಬೆರಳಾಡಿಸಿ ತೋರಿಸಿದಳು.

ಮಕಬೂಲಸಾಬ: ಮಾರಿಗೆ ಹಿಟ್ಟ ಇತ್ತು, ನನಗೂ ಗೊತ್ತೈತಿ. ಆದ್ರ ಸುಮ್ಕ ಕುಂತದ್ದು ಖರೇ ಹೌದಲ್ಲ? ನಿಕಾಹದಾಗ ಏನ ಮಾಡ್ತಾರ? ಹುಡುಗಿನ್ನ ಕೇಳ್ತಾರ. ಹುಡುಗಿ ಸುಮ್ಕಿದ್ಲಂದ್ರ ಏನ ಅರ್ಥ? ಕಬೂಲ! ನೀನೂ ಅವತ್ತ ಹಂಗ ಸುಮ್ಕಿದ್ದಿ, ನಾ ನಿನ್ನ ಗಂಡ ಆದ್ನಿ. ಅವತ್ತ ನಡದ ಕಾಯಿದೆ ಇವತ್ತ ಯಾಕ ನಡೀಬಾರ್ದು?

ಅಬೀದಾಳ ಎಡಗಾಲು ಕುರ್ಚಿಯ ಕೆಳಗೆ ಚಪ್ಪಲಿ ಹುಡುಕತೊಡಗಿತು. ಮಕಬೂಲಸಾಬ ತನ್ನ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಮಕಬೂಲಸಾಬ: ಮತ್ತ ಬರೇ ಸುಮ್ಕಿದ್ದಿಲ್ಲ ನೀ. ಹೂಂ ಅನ್ಲೇನು ಅಂದ ಕೂಡ್ಲೆ ಹೆಬ್ಬಟ್ಟ ಎತ್ತಿ ತೋರ್ಸಿದಿ. ಈಗಿನ ಹುಡುಗೂರು ಮೊಬೈಲಿನ್ಯಾಗ ಕಳಸ್ತಾರಲ್ಲ, ಹಂಗ. ನನಗೂ ಆಶ್ಚರ್ಯ ಆತು, ಅಬೀದಾ ಎಷ್ಟ ಸುಧಾರಿಸಿದ್ಲಲ್ಲ ಅಂತ. ಕೂಡ್ಲೆ ಖಾದರಬಾಷಾಗ ಫೋನ ಹಚ್ಚಿ ಮಾತ ಕೊಟ್ಟೇನಿ. ಆ ಹುಡುಗಿ ಇವತ್ತ ಬಾಟ್ಲಿ ತಗೊಂಡ ಬರ್ತಾಳ.

ಅಬೀದಾ ತನ್ನ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಪಕ್ಕದ ಮನೆಯವರ ಬೆರಳೇನೋ ಎನ್ನುವಂತೆ ದಿಟ್ಟಿಸಿ ನೋಡಿದಳು.

ಅಷ್ಟರಲ್ಲಿ ಬಾಗಿಲಿಗೆ ಸತ್ಯವ್ವ ಬಂದಳು. ಶಿರಗುಪ್ಪಿಯಿಂದ ಮೊದಲ ಬಸ್ಸಿಗೆ ಸೊಪ್ಪು ತಂದು ನವನಗರದ ಓಣಿಗಳಲ್ಲಿ ಮಾರುವವಳು. ಮಾರಿಹಿಟ್ಟಿನ ಹಳೆಯ ಗಿರಾಕಿ. ಬುಟ್ಟಿಯನ್ನು ಹೊಸ್ತಿಲ ನಡುವೆ ಇಳಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ಸತ್ಯವ್ವ: ಅಬೀದಕ್ಕಾ, ನನ್ನ ಹಿಟ್ಟ ಕಟ್ಟಿಟ್ಟೀಯೇನವಾ? ಅಯ್ಯ, ಇನ್ನೂ ಒಣಗಿಲ್ಲೇನು? ಹೋಗೂ ಮುಂದ ಕಿಡಕ್ಯಾಗ ನೋಡ್ಕೋತ ಹೋಗಿದ್ನಿ, ಕೆಳಗಿನ ಓಣಿ ಪೂರ್ತಿ ತಿರಗಿ ಬಂದ್ನಿ, ನಿನ್ನ ಮಾರಿ ಹಸೀನ ಐತಿ!

ಮಕಬೂಲಸಾಬ: ಹವಾ ತಂಪೈತಿ ಸತ್ಯವ್ವಾ.

ಸತ್ಯವ್ವ: ತಂಪೇನು? ನನ್ನ ಮೆಂತ್ಯಾ ಬಾಡಿ ಹಗ್ಗ ಆಗಾಕತ್ತೈತಿ. (ಮೇಲೆ ನೋಡಿ) ಯಣ್ಣಾ, ಈ ಫ್ಯಾನ ತಿರಗಾಕತ್ತೈತೋ, ಯಾರರ ಬಂದಾರೇನು ಅಂತ ಹೊಳ್ಳಿ ಹೊಳ್ಳಿ ನೋಡಾಕತ್ತೈತೋ?

ಮಕಬೂಲಸಾಬ: ಕಂಡೆನ್ಸರ್ ಹೋಗೇತಿ. ಈಗ ಸಿಗವಲ್ವು. ಮ್ಯಾಲಿಂದನ ಮಾಲ ಬರವಲ್ತು.

ಸತ್ಯವ್ವ: ಹೌದಾ? ಹೋದ ವಾರ ನಮ್ಮ ಫ್ಯಾನ ನಿನ್ನ ಅಂಗಡಿಗೆ ತಂದಿದ್ನಿ. ನಾ ಚಾ ಕುಡಿಯೂದ್ರಾಗ ಡಬ್ಬಿ ತಗದಿ, ಅದರಾಗಿಂದ ಒಂದ ಹೆಕ್ಕಿ ಹಾಕಿದಿ. ಡಬ್ಬಿ ತುಂಬ ಕಂಡೆನ್ಸರ್ ಇದ್ವಲ್ಲೋ ಯಣ್ಣಾ, ಉತ್ತತ್ತಿ ತುಂಬಿಧಂಗ! ಈಗ ನಮ್ಮ ಮನ್ಯಾಗ ಫ್ಯಾನ ಹಚ್ಚಿದ್ರ ಹೊಚಗೊಂಡ ಕೌದಿ ಹಾರತೈತಿ.

ಅಬೀದಾಳ ಮುಖ ಅಲುಗಲಿಲ್ಲ. ಕಣ್ಣುಗಳೆರಡು ಮಾತ್ರ ಫ್ಯಾನಿನಿಂದ ಗಂಡನತ್ತ, ಫ್ಯಾನಿನ ವೇಗದಲ್ಲೇ, ನಿಧಾನವಾಗಿ ತಿರುಗಿದವು.

ಮಕಬೂಲಸಾಬ (ಲಗುಬಗೆಯಿಂದ): ಅದಿರ್ಲಿ, ಛಲೋ ಸುದ್ದಿ ಕೇಳ ಸತ್ಯವ್ವಾ. ಇನ್ನ ಮ್ಯಾಲ ಈ ಕಾಗದದ ಪಾಕೀಟ ಗೀಕೀಟ ಬಂದ್. ನಿನ್ನ ಅಬೀದಕ್ಕನ ಹಿಟ್ಟು ಗಾಜಿನ ಬಾಟ್ಲ್ಯಾಗ ಬರ್ತೈತಿ. ಮ್ಯಾಲ ಬಂಗಾರದ ಬಣ್ಣದ ಮುಚ್ಚಳ!

ಸತ್ಯವ್ವ: ಮಾರಿಗೆ ಹಿಟ್ಟ ಹಚ್ಚಗೋಬೇಕೋ, ಮುಚ್ಚಳ ಹಚ್ಚಗೋಬೇಕೋ?

ಮಕಬೂಲಸಾಬ: ಪಾರ್ಲರದಾಗ ಇಡ್ತಾರವಾ. ಹುಬ್ಬಳ್ಳಿ ದೊಡ್ಡ ದೊಡ್ಡ ಮಂದಿ ಒಯ್ತಾರ.

ಸತ್ಯವ್ವ: ಒಯ್ಯಲಿ ಪಾಪ, ಅವ್ರಿಗೂ ಮಾರಿ ಅದಾವ. ಒಂದ ಬಾಟ್ಲಿಗೆ ಎಷ್ಟಾಗತೈತಿ?

ಮಕಬೂಲಸಾಬ: ಅದನ್ನ ಕೇಳಬ್ಯಾಡ. ನಿನ್ನ ಬುಟ್ಟಿ ಖಾಲಿ ಆದ್ರ ಒಂದ ಬಾಟ್ಲಿ ಬರ್ತೈತಿ ಅಂತ ತಿಳಕೊ.

ಸತ್ಯವ್ವ: ಮತ್ತ ನನ್ನಂಥಾಕಿ ಏನ ಹಚ್ಚಗೋಬೇಕೋ ಯಣ್ಣಾ? ಪಾಲಕ ತಿಕ್ಕೋಬೇಕೇನು?

ಅವಳು ನಗುತ್ತಲೇ ಹೇಳಿದ್ದಳು. ಆದರೆ ಹೇಳಿದ ಮೇಲೆ ಕೈ ತಾನಾಗಿಯೇ ಕೆನ್ನೆಗೆ ಹೋಯಿತು.

ಸತ್ಯವ್ವ: ಚಂದ ಕಾಣಾಕ ಅಲ್ಲೋ ಯಣ್ಣಾ. ದಿನಾ ಬಿಸಲಾಗ ತಿರಗೂ ಮಾರಿ ಇದು. ಮೊದಲ ಗಲ್ಲ ಒಡದ ಒಡದ ಬೇಲಿ ಆಗಿತ್ತು. ಮೊಮ್ಮಗ ಎತ್ತಗೊಂಡ್ರ ‘ಚುಚ್ಚತೈತಿ ಆಯಿ’ ಅಂತ ಮಾರಿ ದೂಡ್ತಿದ್ದ. ಈ ಹಿಟ್ಟ ಹಚ್ಚಿದ ಮ್ಯಾಲ ತಾನ ಬಂದ ಗಲ್ಲಕ್ಕ ಗಲ್ಲ ಹಚ್ಚತಾನ.

ಮಕಬೂಲಸಾಬ ಉತ್ತರಕ್ಕಾಗಿ ಫ್ಯಾನಿನ ಕಡೆ ನೋಡಿದ. ಫ್ಯಾನು ಎಂದಿನಂತೆ ಆಚೆ ತಿರುಗಿತು.

ಹಿಟ್ಟು ಕೊನೆಗೂ ಒಣಗಿತು. ಅಬೀದಾ ಎದ್ದು ಬಚ್ಚಲಿಗೆ ಹೋದಳು. ನೀರಿನ ಸಪ್ಪಳ ಕೇಳಿದ್ದೇ ತಡ, ಮಕಬೂಲಸಾಬ ಟೋಪಿ ಸರಿಮಾಡಿಕೊಂಡು ಎದ್ದ.

ಮಕಬೂಲಸಾಬ: ಅಂಗಡಿಗೆ ಹೊತ್ತಾತು, ನಾ ಹೊಂಟೆ. ಬುಟ್ಟಿ ಸರಸವಾ.

ಸತ್ಯವ್ವ: ಬೋಣಿಗಿ ಆಗೂ ತನಕ ಇಳಿಸಿದ ಬುಟ್ಟಿ ಸರಸೂದಿಲ್ಲೋ ಯಣ್ಣಾ. ದಾಟಿನೂ ಹೋಗಬ್ಯಾಡ, ನನ್ನ ವ್ಯಾಪಾರ ಕೆಡತೈತಿ.

ಮಕಬೂಲಸಾಬ: ಕೆಳಗಿನ ಓಣಿ ತಿರಗಿ ಬಂದೇನಿ ಅಂದಿ, ಬೋಣಿಗಿ ಆಗಿಲ್ಲೇನು?

ಸತ್ಯವ್ವ: ಈ ಬಾಗಲದಾಗ ಆಗಿಲ್ಲಲ್ಲ.

ಹೀಗೆ ಒಂದು ಬುಟ್ಟಿ ಸೊಪ್ಪಿಗೆ ಸಿಕ್ಕಿಬಿದ್ದ ಮಕಬೂಲಸಾಬನ ಬೆನ್ನ ಹಿಂದೆ ಬಚ್ಚಲ ಬಾಗಿಲು ತೆರೆಯಿತು. ಅಬೀದಾ ಮುಖ ಒರೆಸಿಕೊಳ್ಳುತ್ತ ಬಂದಳು. ಮುಖವು ಬೆಳಗಿಟ್ಟ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಿತ್ತು.

ಅಬೀದಾ: ನನಗ ಬಾಯಿ ಬಂತ್ರಿ ಈಗ. ಕೂಡ್ರಿ.

ಮಕಬೂಲಸಾಬ: ಅಂಗಡಿ...

ಅಬೀದಾ: ಅಂಗಡಿಗೇನ ಕಾಲ ಅದಾವ? ಎಲ್ಲಿಗೂ ಹೋಗೂದಿಲ್ಲ, ಕೂಡ್ರಿ. ನಾ ಹೆಬ್ಬಟ್ಟ ಎತ್ತಿದ್ನೇನು?

ಮಕಬೂಲಸಾಬ: ನನ್ನ ಕಣ್ಣಾರೆ ನೋಡೇನಿ.

ಅಬೀದಾ: ನಾ ತಸಬೀ ಎಣಸಾಕತ್ತಿದ್ನಿ.

ಮಕಬೂಲಸಾಬ: ತಸಬೀ?

ಅಬೀದಾ: ಬಾಯಿ ಮುಚ್ಚಿ ಕುಂತಿರ್ತೇನಿ, ಮನಸಿನ್ಯಾಗ ಅಲ್ಲಾನ ಹೆಸರ ತಗೋತೇನಿ. ಬೆರಳಿನ ಗೆರಿ ಮ್ಯಾಲ ಹೆಬ್ಬಟ್ಟ ಓಡಸ್ಕೋತ ಎಣಸ್ತೇನಿ. ಒಂದ ಸುತ್ತ ಮುಗೀತು ಅಂದ್ರ ಹೆಬ್ಬಟ್ಟ ತಾನ ಮ್ಯಾಲ ಬರ್ತೈತಿ. ನೀವು ಅದನ್ನ ಹಿಡಕೊಂಡ ಖಾದರಬಾಷಾ ಭಾಯಿಗೆ ಫೋನ ಹಚ್ಚೀರಿ!

ಮಕಬೂಲಸಾಬ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತ. ಅವನಿಗೆ ಬೇರೆಯದೇ ಒಂದು ಸಂಶಯ ಹುಟ್ಟಿತ್ತು.

ಮಕಬೂಲಸಾಬ: ಅಂದ್ರ... ದಿನಾ ನಾ ಇಲ್ಲೆ ಕುಂತ ಮಾತಾಡ್ತೇನಲ್ಲ? ಅದು?

ಅಬೀದಾ: ನೀವು ದಿನಾ ಮಾತಾಡ್ತೀರಿ?

ಮಕಬೂಲಸಾಬ: ಯಾ ಅಲ್ಲಾ! ಎಲ್ಲಾ ಹೇಳೇನಲ್ಲ! ಅಂಗಡಿದು, ಮಂದಿದು, ನನ್ನ ಮೊಣಕಾಲಿಂದು... ಹೋದ ರಮಜಾನದಾಗ ನಿನ್ನ ಕೈ ಅಡಗಿನ ಹೊಗಳಿದ್ನಿ! ಹಿಂಥಾ ಹೆಂಡತಿ ಸಿಕ್ಕದ್ದು ನನ್ನ ನಸೀಬ ಅಂತ ಅಂದೇನಿ!

ಅಬೀದಾ (ಒರೆಸಿದ ಮುಖವನ್ನೇ ಮತ್ತೊಮ್ಮೆ ಒರೆಸಿಕೊಂಡು): ಅಂಥಾದ್ದೇನರ ಇದ್ರ ಮಾರಿ ತೊಳಕೊಂಡ ಮ್ಯಾಲ ಹೇಳಬೇಕ್ರಿ.

ಸತ್ಯವ್ವ: ತೊಳಕೊಂಡ ಮ್ಯಾಲ ಆಂವಗ ಎಲ್ಲಿ ಪಾಳಿ ಬರತೈತಿ ಅಬೀದಕ್ಕಾ? ಅದಕ್ಕ ಫ್ಯಾನ ಹಿಂಗ ಸಾಕ್ಯಾನ.

ಅಬೀದಾ: ಫ್ಯಾನಿಂದ ಆಮ್ಯಾಲ ಮಾತಾಡ್ತೇನಿ. ಅದಕ್ಕ ಬ್ಯಾರೆ ಹೊತ್ತ ಇಟ್ಟೇನಿ.

ಮಕಬೂಲಸಾಬ: ಹೆಬ್ಬಟ್ಟಿನ ಮಾತ ಬಿಡು. ಸುಮ್ಕಿದ್ದದ್ದು ಸುಮ್ಕಿದ್ದಧಂಗ ಹೌದಲ್ಲ? ನಿಕಾಹದ ಕಾಯಿದೆ...

ಅಬೀದಾ: ನಿಕಾಹದ ಮಾತ ತಗೀಬ್ಯಾಡ್ರಿ. ಅವತ್ತ ನಾ ಯಾಕ ಸುಮ್ಕಿದ್ನಿ, ಗೊತ್ತೈತೇನ್ರಿ ನಿಮಗ?

ಮಕಬೂಲಸಾಬ (ಮೀಸೆಯ ತುದಿ ತೀಡುತ್ತ): ನಾಚಿಕಿ.

ಅಬೀದಾ: ಪೇಡೆ.

ಮಕಬೂಲಸಾಬ: ಆಂ?

ಅಬೀದಾ: ಹುಡುಗಿ ಮುಂಜಾನಿಂದ ಏನೂ ತಿಂದಿಲ್ಲ ಅಂತ ನಮ್ಮ ಅವ್ವನ ತಂಗಿ, ಖಾಲಾ, ಧಾರವಾಡ ಪೇಡೆ ಇಡೀದ ಬಾಯಾಗ ತುರುಕಿದ್ಲು. ಅದ ಹೊತ್ತಿಗೆ ದೊಡ್ಡವ್ರು ಸಾಕ್ಷಿದಾರ್ರನ್ನ ಕರಕೊಂಡ ಕೇಳಾಕ ಬಂದ್ರು. ನಾ ಅದನ್ನ ನುಂಗಿ, ‘ಹುಡುಗನ್ನ ಒಂದ ಸಲ ಸರಿಯಾಗಿ ನೋಡ್ತೇನಿ ತಡೀರಿ’ ಅನ್ನೂದ್ರಾಗ, ಹೊರಗ ನಿಕಾಹ ಆತಂತ ಖಜೂರ ಹಂಚಿಬಿಟ್ಟಿದ್ರು.

ಮಕಬೂಲಸಾಬ: ಅಂದ್ರ ನಾ... ಒಂದ ಪೇಡೆದ ಮ್ಯಾಲ...?

ಸತ್ಯವ್ವ: ಹೋಗ್ಲಿ ಬಿಡೋ ಯಣ್ಣಾ. ಪೇಡೆ ಛಲೋದ ಇದ್ದಿರಬೇಕು, ಸಂಸಾರ ಇಲ್ಲೀತನಕ ಬಂತು.

ಅಬೀದಾ: ಪೇಡೆಗೇನ ಹೆಸರಿಡೂಹಂಗಿಲ್ಲ. ಈಗ ನೂರಜಹಾನಗ ಫೋನ ಮಾಡ್ರಿ. ಬ್ಯಾಡವಾ ಅಂತ ಹೇಳ್ರಿ.

ಮಕಬೂಲಸಾಬ: ನಾನಾ? ಖಾದರಬಾಷಾ ನನ್ನ ಜೀವದ ಗೆಳೆಯ. ಕೊಟ್ಟ ಮಾತ ಹೆಂಗ ಹೊಳ್ಳಿ ತಗೋಳ್ಳಿ? ಬೇಕಾದ್ರ ನೀನ ಹೇಳು.

ಅಬೀದಾ: ಬಾಗಲಕ್ಕ ಬಂದ ಹೆಣ್ಣಮಗಳಿಗೆ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ನಿಮಗ ಗೊತ್ತಿಲ್ಲೇನು?

ಮಕಬೂಲಸಾಬ: ಗೊತ್ತೈತಿ. ಅದಕ್ಕ ಕರದೇನಿ.

ಓಣಿಯಲ್ಲಿ ಸ್ಕೂಟಿ ನಿಂತಿತು. ಮೊದಲು ಅತ್ತರಿನ ವಾಸನೆ ಬಂತು, ಅದರ ಹಿಂದೆ ನೂರಜಹಾನ ಬಂದಳು. ಮುಖ ಬೆಳ್ಳಗೆ ಸುಣ್ಣ ಬಳಿದಂತಿತ್ತು, ಕುತ್ತಿಗೆ ಮಾತ್ರ ದೇವರು ಕೊಟ್ಟ ಬಣ್ಣದಲ್ಲೇ ಉಳಿದಿತ್ತು. ಸತ್ಯವ್ವ ಬುಟ್ಟಿಯನ್ನು ಮರುಮಾತಿಲ್ಲದೆ ಸರಿಸಿ ದಾರಿ ಬಿಟ್ಟಳು. ಮಕಬೂಲಸಾಬ ಬುಟ್ಟಿಯನ್ನೇ ದುರುಗುಟ್ಟಿ ನೋಡಿದ.

ನೂರಜಹಾನ: ಅಸ್ಸಲಾಮು ಅಲೈಕುಮ್ ಚಾಚಿ! ನೀವು ಹೆಬ್ಬಟ್ಟ ಎತ್ತಿ ಒಪ್ಪಿಗಿ ಕೊಟ್ರಂತ ಅಪ್ಪಾ ಹೇಳಿದ್ರು. ಕೇಳಿ ನನಗ ಕಣ್ಣಾಗ ನೀರ ಬಂತ್ರಿ.

ಅಬೀದಾ: ವಾಲೇಕುಮ್ ಅಸ್ಸಲಾಮ್. ನನಗೂ ಈಗ ಬಂತವಾ, ಕೇಳಿ. ಬಾ, ಕೂಡು. ಚಾ ಇಡ್ತೇನಿ.

ನೂರಜಹಾನ: ಚಾ ಆಮ್ಯಾಲ್ರಿ. ಮೊದಲ ಇದನ್ನ ನೋಡ್ರಿ.

ಬ್ಯಾಗಿನಿಂದ ಒಂದು ಪುಟ್ಟ ಗಾಜಿನ ಬಾಟಲಿ ಹೊರಬಂತು. ಬಂಗಾರದ ಬಣ್ಣದ ಮುಚ್ಚಳ, ಮೈಮೇಲೆ ಬಳ್ಳಿಯ ಚಿತ್ತಾರ. ಸತ್ಯವ್ವ ಅದನ್ನು ಅಂಗೈಯಲ್ಲಿ ಇಟ್ಟು ತೂಗಿದಳು.

ಸತ್ಯವ್ವ: ಭಾಳ ಚಂದ ಐತಿ. ಹಿಟ್ಟ ಎಲ್ಲಿ ತುಂಬತೀರಿ?

ನೂರಜಹಾನ: ಇದರಾಗನ್ರಿ.

ಸತ್ಯವ್ವ: ಇದರಾಗ ನನ್ನ ಎಡಗಲ್ಲಕ್ಕ ಆಗತೈತಿ. ಬಲಗಲ್ಲಕ್ಕ ಇನ್ನೊಂದ ಬಾಟ್ಲಿ ತಗೋಬೇಕೇನು?

ನೂರಜಹಾನ: ಒಂದ ಚಿಟಿಕಿ ಹಚ್ಚಿದ್ರ ಸಾಕ್ರಿ. ಚಾಚಿ, ಸ್ವಲ್ಪ ಅತ್ತರ ಹಾಕೂಣು, ಸ್ವಲ್ಪ ಬಣ್ಣ ಹಾಕೂಣು. ಬಾಟ್ಲಿ ಮ್ಯಾಲ ‘ರಾಣಿಯರ ಅರಮನಿ ಗುಟ್ಟು’ ಅಂತ ಬರಸ್ತೇನಿ.

ಅಬೀದಾ: ಯಾವ ರಾಣಿ? ಇದನ್ನ ನಮ್ಮ ಅತ್ತಿ ಮಾಡ್ತಿದ್ರು.

ನೂರಜಹಾನ: ‘ಅತ್ತಿ ಗುಟ್ಟು’ ಅಂತ ಬರದ್ರ ಯಾವ ಸೊಸಿ ತಗೋತಾಳ್ರಿ?

ಮಕಬೂಲಸಾಬ: ನಮ್ಮ ಅವ್ವ ಯಾವ ರಾಣಿಗಿಂತ ಕಡಿಮಿ ಇದ್ದಿಲ್ಲ.

ಅಬೀದಾ: ಅದು ಖರೇ. ಹುಕುಂ ಕೊಡೂದ್ರಾಗ ಒಂದ ಕೈ ಮ್ಯಾಲ. ಆದ್ರ ನೂರಜಹಾನ, ಅತ್ತರ ಹಾಕಿದ್ರ ಎಷ್ಟೋ ಮಂದಿಗೆ ಮಾರಿ ತುರಸತೈತಿ.

ನೂರಜಹಾನ: ತುರಸಿದ್ರ ಅದಕ್ಕೂ ನನ್ನ ಹಂತ್ಯಾಕ ಕ್ರೀಮ ಐತ್ರಿ. ಒಂದ ಮಾತ ಅಷ್ಟ ಚಾಚಿ. ಇನ್ನ ಮ್ಯಾಲ ಓಣ್ಯಾಗ ಯಾರಿಗೂ ಪಾಕೀಟ ಕೊಡೂಹಂಗಿಲ್ರಿ. ಇಲ್ಲೆ ಹತ್ತು ರೂಪಾಯಿಗೆ ಸಿಗೂದನ್ನ ಅಲ್ಲಿ ಬಂದ ಯಾರ ಬಾಟ್ಲ್ಯಾಗ ತಗೋತಾರ, ಹೇಳ್ರಿ?

ಸತ್ಯವ್ವ ಬಾಟಲಿಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು. ಬಾಡಿದ ಮೆಂತ್ಯದ ಕಟ್ಟುಗಳನ್ನು ಬಿಚ್ಚಿ, ಸುಮ್ಮನೆ ಮತ್ತೆ ಕಟ್ಟತೊಡಗಿದಳು.

ಅಬೀದಾ ಅವಳನ್ನು ನೋಡಿದಳು. ತೂಕಡಿಸುವ ಫ್ಯಾನನ್ನು ನೋಡಿದಳು. ಮೀಸೆ ತೀಡುತ್ತ ಕುಳಿತ ಗಂಡನನ್ನು ನೋಡಿದಳು. ಆಮೇಲೆ ಅವಳ ಮುಖದ ಮೇಲೆ ಒಂದು ನಗೆ ಬಂತು. ಆ ನಗೆಯನ್ನು ಮಕಬೂಲಸಾಬ ಹಿಂದೆ ಒಮ್ಮೆ ಕಂಡಿದ್ದರೆ ಆಗಲೇ ಓಡಿಬಿಡುತ್ತಿದ್ದ.

ಅಬೀದಾ: ನೂರಜಹಾನ, ಇದನ್ನ ಗಂಡಸೂರಿಗೂ ಮಾರ್ತಿಯೇನು?

ನೂರಜಹಾನ: ಮಾರೂದ ಮಾರೂದ್ರಿ! ಈಗ ಗಂಡಸೂರನ ಹೆಚ್ಚ ಬರ್ತಾರ.

ಅಬೀದಾ: ಮತ್ತ ಗಂಡಸರ ಮಾರಿ ಮ್ಯಾಲ ಹೆಂಗ ಕೂಡತೈತಿ ಅಂತ ನೋಡೂದ ಬ್ಯಾಡೇನು? ಇಲ್ಲೆ ಒಂದ ಮಾರಿ ಕೆಲಸಿಲ್ದ ಕುಂತೈತಿ.

ಮಕಬೂಲಸಾಬ: ನನ್ನ ಮಾರಿಗೇನಾಗೇತಿ?

ಅಬೀದಾ: ಏನೂ ಆಗಿಲ್ರಿ. ಖಾದರಬಾಷಾ ಭಾಯಿ ಮಾರಿ ನೋಡೀರಿಲ್ಲೋ? ಮಗಳ ಪಾರ್ಲರ್ ತಗದಾಗಿಂದ ಹೆಂಗ ಮಿಂಚಾಕತ್ತೈತಿ. ಮೊನ್ನಿ ನಿಮ್ಮಿಬ್ಬರನ್ನ ಕೂಡೇ ನೋಡಿ ಯಾರೋ ಕೇಳಿದ್ರಂತ, ಇವ್ರು ಖಾದರಬಾಷಾನ ಕಾಕಾನೇನು ಅಂತ.

ಮಕಬೂಲಸಾಬ: ಯಾವಾಂವ ಅಂವಾ? ಖಾದರ್ಯಾ ನನಗಿಂತ ದೊಡ್ಡಾಂವ! ಹಚ್ಚು. ದಪ್ಪಗ ಹಚ್ಚು!

ಅಬೀದಾ ಹಿಟ್ಟನ್ನು ಮೊಸರಿನಲ್ಲಿ ಕಲಸಿ ತಂದು ದಪ್ಪಗೆ ಹಚ್ಚಿದಳು. ಹಣೆ, ಕೆನ್ನೆ, ಗದ್ದ ಮುಗಿಸಿ ಮೂಗಿನ ಕೆಳಗೆ ಬಂದಾಗ ಒಂದು ಕ್ಷಣ ಯೋಚಿಸಿ, ಮೀಸೆಯನ್ನೂ ಬಿಡಲಿಲ್ಲ. ಮಕಬೂಲಸಾಬ ಈಗ ಗೋಡೆಗೆ ತಟ್ಟಿದ ಸೆಗಣಿ ಕುಳ್ಳಿನಂತೆ ಕಂಡ. ಕಣ್ಣು ಎರಡು ಮಾತ್ರ ಹೊರಗಿದ್ದವು.

ನೂರಜಹಾನ: ಚಾಚಾ, ಇನ್ನ ಮಾತಾಡಬ್ಯಾಡ್ರಿ. ಒಣಗೂ ಮುಂದ ಮಾತಾಡಿದ್ರ ಬಿದ್ದ ಸುಕ್ಕ ಅಲ್ಲೇ ಕುಂದರತಾವ.

ಅಬೀದಾ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಗಂಡನ ಎದುರಿಗೆ ಕುಳಿತಳು. ಇಷ್ಟು ವರ್ಷ ಅವನು ಕೂಡುತ್ತಿದ್ದ ಜಾಗದಲ್ಲಿ.

ಅಬೀದಾ: ರೀ. ಈ ಹಿಟ್ಟ ಬಾಟ್ಲಿಗೆ ತುಂಬೂದು ಬ್ಯಾಡ ಅಂತ ನಿಮ್ಮ ಮನಸಿನ್ಯಾಗೂ ಐತಿ, ಹೌದಲ್ರಿ?

ಮಕಬೂಲಸಾಬನ ಕಣ್ಣು ಗುಂಡಗಾದವು.

ಅಬೀದಾ: ಅಷ್ಟ ಕಣ್ಣ ಬಿಡಬ್ಯಾಡ್ರಿ. ಹಣಿ ಮ್ಯಾಲ ಬಿರುಕು ಬಿಟ್ಟೀತು.

ಮಕಬೂಲಸಾಬ: ಮ್ಮ್! ಮ್ಮ್ಮ್!

ನೂರಜಹಾನ: ಚಾಚಾ, ಸುಕ್ಕ!

ಮಕಬೂಲಸಾಬ ತಟ್ಟನೆ ಸುಮ್ಮನಾದ.

ಸತ್ಯವ್ವ (ಮೆಂತ್ಯ ಕೆಳಗಿಟ್ಟು): ಸುಮ್ಕಾದ.

ಅಬೀದಾ: ಸುಮ್ಕಾದ್ರು. ನೂರಜಹಾನ, ನಿಮ್ಮ ಚಾಚಾ ಈ ಮನ್ಯಾಗ ಒಂದ ಕಾಯಿದೆ ಮಾಡ್ಯಾರ. ಮಾರಿಗೆ ಹಿಟ್ಟ ಇದ್ದಾಗ ಕೇಳೂದು. ಸುಮ್ಕ ಕುಂತ್ರ ಕಬೂಲ. ನನ್ನ ಒಪ್ಪಿಗಿನೂ ಹಂಗ ತಗೊಂಡಾರ.

ನೂರಜಹಾನ: ಅಂದ್ರ... ನೀವು ಹೆಬ್ಬಟ್ಟ ಎತ್ತಿದ್ದು?

ಅಬೀದಾ: ತಸಬೀ ಎಣಸೂವಾಗ ಎದ್ದಿತ್ತವಾ.

ನೂರಜಹಾನ ಚಾಚಾನ ಕಡೆ ನೋಡಿದಳು. ಚಾಚಾ ಫ್ಯಾನಿನ ಕಡೆ ನೋಡಿದ.

ಅಬೀದಾ: ಓಣಿಯವ್ರಿಗೆ, ಸತ್ಯವ್ವಗ, ಕಾಗದದ ಪಾಕೀಟಿನ್ಯಾಗ ಹಿಂಗ ಕೊಟಗೋತ ಹೋಗೂಣು, ಹೌದಲ್ರಿ?

ಎಲ್ಲರೂ ಕಾದರು. ಫ್ಯಾನು ಒಂದು ಸುತ್ತು ಮುಗಿಸಿತು.

ಸತ್ಯವ್ವ: ಕಬೂಲ!

ಅಬೀದಾ: ಪಡಸಾಲಿ ಫ್ಯಾನಿಗೆ ಇವತ್ತ ಕಂಡೆನ್ಸರ್ ಹಾಕ್ತೀರಿ. ಡಬ್ಬಿ ತುಂಬ ಅದಾವ ಅಂತ ಕೇಳೇನಿ.

ಮಕಬೂಲಸಾಬ ಎದ್ದುನಿಂತು ಬೆರಳು ಎತ್ತಿ ಜೋರಾಗಿ ಅಲ್ಲಾಡಿಸಿದ.

ಸತ್ಯವ್ವ: ಅದು ಹೆಬ್ಬಟ್ಟಲ್ಲ ಅಬೀದಕ್ಕಾ, ತೋರಬೆರಳು.

ಅಬೀದಾ: ಯಾವದರ ಇರ್ಲಿ. ಮನಿ ಯಜಮಾನ್ರ ಬೆರಳು, ಎಲ್ಲಾ ಒಂದ.

ಸತ್ಯವ್ವ: ಹಂಗಾದ್ರ ನಂದೂ ಒಂದ ಕೇಳಿಬಿಡ್ತೇನಿ. ಮಕಬೂಲಣ್ಣಾ, ನಮ್ಮ ಮಿಕ್ಸಿ ಕೂಗತೈತಿ, ಅರ್ಯೂದಿಲ್ಲ. ಪುಕ್ಕಟ ರಿಪೇರಿ ಮಾಡಿ ಕೊಡ್ತಿ, ಹೌದಲ್ಲ?

ಮಕಬೂಲಸಾಬ ಎರಡೂ ಕೈ ಎತ್ತಿದ.

ಸತ್ಯವ್ವ: ನೋಡ್ರೆವಾ ದೊಡ್ಡ ಮನಸು! ಎರಡೂ ಕೈಲೆ ಒಪ್ಪಿದ.

ಮಕಬೂಲಸಾಬ ಇನ್ನು ತಡೆಯಲಾರದೆ ಬಚ್ಚಲ ಕಡೆ ಎರಡು ಹೆಜ್ಜೆ ಹಾಕಿದ.

ನೂರಜಹಾನ: ಚಾಚಾ, ಹಸಿ ಇದ್ದಾಗ ತೊಳೀಬ್ಯಾಡ್ರಿ! ತಿಕ್ಕಿ ತಿಕ್ಕಿ ತೊಳೀಬೇಕಾಗತೈತಿ, ಮೀಸಿ ಬಣ್ಣಾನೂ ಹೋಗತೈತಿ.

ಸತ್ಯವ್ವ ಬಗ್ಗಿ ಅವನ ಮೀಸೆಯನ್ನೇ ನೋಡಿದಳು.

ಸತ್ಯವ್ವ: ಬಣ್ಣಾನಾ? ಅದು ದೇವ್ರ ಕೊಟ್ಟ ಕಪ್ಪಲ್ಲೇನೋ ಯಣ್ಣಾ?

ಮಕಬೂಲಸಾಬ ಹಿಂದೆ ಬಂದು ಸ್ಟೂಲಿನ ಮೇಲೆ ಕುಳಿತ. ನೂರಜಹಾನ ಮೊದಲು ಬಾಯಿಗೆ ಕೈ ಹಿಡಿದಳು, ಆಮೇಲೆ ಹಿಡಿಯಲಾಗದೆ ನಕ್ಕುಬಿಟ್ಟಳು. ನಗು ಮುಗಿದ ಮೇಲೆ ನೆಲದ ಮೇಲಿನ ಬಾಟಲಿಯನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು.

ನೂರಜಹಾನ: ಚಾಚಿ, ನೀವು ಮಾರಿ ಮ್ಯಾಲ ಇಲ್ಲ ಅಂದಿದ್ರ ನನಗ ಕೆಟ್ಟ ಅನಸ್ತಿತ್ತು. ಅನ್ನಲಾರದನ ಅಂದುಬಿಟ್ರಿ.

ಅಬೀದಾ: ನಾ ಎಲ್ಲಿ ಅಂದೇನವಾ? ಕೊಟ್ಟ ಮಾತ ನಿಮ್ಮ ಚಾಚಾನ ಹೊಳ್ಳಿ ತಗೊಂಡ್ರು. ನಿನ್ನ ಮುಂದನ ತಗೊಂಡ್ರಲ್ಲ, ನಿಮ್ಮ ಅಪ್ಪಾಗ ನೀನ ಸಾಕ್ಷಿ.

ನೂರಜಹಾನ ಎದ್ದಳು. ಬಾಗಿಲ ತನಕ ಹೋದವಳು ತಿರುಗಿ ಬಂದು, ದನಿ ಇಳಿಸಿದಳು.

ನೂರಜಹಾನ: ಚಾಚಿ... ನನಗೊಂದ ಪಾಕೀಟ ಕೊಡ್ರಿ. ನನ್ನ ಕ್ರೀಮ ನನಗ ಆಗಿಬಂದಿಲ್ಲ. ಈ ಪೌಡರ್ ಕೆಳಗ ಗಲ್ಲ ತುಂಬ ಗುಳ್ಳಿ ಅದಾವ್ರಿ.

ಸತ್ಯವ್ವ: ಬಾಟ್ಲಿ ಬಂಗಾರದ್ದು ತಂದೀಯಲ್ಲ ತಂಗಿ, ಅದರಾಗ ತುಂಬಿಸ್ಕೊ.

ನೂರಜಹಾನ: ಬಾಟ್ಲ್ಯಾಗ ಎಡಗಲ್ಲಕ್ಕ ಅಷ್ಟ ಆಗತೈತ್ರಿ ಆಯಿ. ನನಗ ಎರಡೂ ಕಡಿ ಅದಾವ.

ಅಬೀದಾ ಎರಡು ಪಾಕೀಟು ಕಟ್ಟಿದಳು. ಒಂದು ಸತ್ಯವ್ವನ ಬುಟ್ಟಿಗೆ, ಒಂದು ನೂರಜಹಾನಳ ಕೈಗೆ.

ಅಬೀದಾ: ಮೊದಲ ಮುಂಗೈ ಮ್ಯಾಲ ಸ್ವಲ್ಪ ಹಚ್ಚಿ ನೋಡು. ಉರಿಲಿಲ್ಲ ಅಂದ್ರ ಮಾರಿಗೆ ಹಚ್ಚು. ನಿನಗ ಮೊಸರ ಬ್ಯಾಡ, ಬರೇ ನೀರಾಗ ಕಲಸು. ತಿಕ್ಕಬ್ಯಾಡ. ಹಚ್ಚಗೊಂಡಾಗ ಯಾರರ ಏನರ ಕೇಳಿದ್ರ, ಎರಡೂ ಕೈ ತೊಡಿ ಕೆಳಗ ಇಟಗೊ.

ನೂರಜಹಾನ ಸ್ಟೂಲಿನ ಮೇಲಿನ ಚಾಚಾನನ್ನು ನೋಡಿದಳು. ಹಿಟ್ಟು ಕಲಸಿದಾಗ ಹೇಗಿತ್ತೋ ಹಾಗೇ ಇತ್ತು. ಮೀಸೆಯ ಒಂದು ತುದಿಯಿಂದ ಮೊಸರು ಗದ್ದಕ್ಕೆ ಇಳಿಯುತ್ತಿತ್ತು. ಅವಳಿಗೆ ಕನಿಕರ ಬಂತು.

ನೂರಜಹಾನ: ಪಾಪ ಚಾಚಾ. ಈ ಫ್ಯಾನಿನ ಗಾಳಿಗೆ ಮಧ್ಯಾಹ್ನದ ತನಕ ಒಣಗೂದಿಲ್ರಿ. ಚಾಚಿ, ನನ್ನ ಬ್ಯಾಗಿನ್ಯಾಗ ಬ್ಯಾಟರಿ ಫ್ಯಾನ ಐತಿ, ಹಿಡೀಲೇನ್ರಿ? ಚಾ ಕುದಿಯೂದ್ರಾಗ ಒಣಗತೈತಿ.

ಮಕಬೂಲಸಾಬನ ಕಣ್ಣು ಬೆಳಗಿದವು. ತಲೆ ಅಲ್ಲಾಡಿಸಲು ಸುಕ್ಕಿನ ಭಯ. ಎರಡೂ ಹೆಬ್ಬೆರಳುಗಳನ್ನು ನೆಟ್ಟಗೆ, ಯಾರಿಗೂ ಯಾವ ಸಂಶಯವೂ ಉಳಿಯದಂತೆ, ಗಾಳಿಯಲ್ಲಿ ಎತ್ತಿ ಹಿಡಿದ.

ಅಬೀದಾ ಕುರ್ಚಿಯನ್ನು ಅವನ ಹತ್ತಿರಕ್ಕೆ ಇನ್ನಷ್ಟು ಎಳೆದುಕೊಂಡು, ಸೆರಗು ಸರಿಮಾಡಿಕೊಂಡು, ಆರಾಮಾಗಿ ಕುಳಿತಳು.

ಅಬೀದಾ: ಬ್ಯಾಡವಾ, ಒಳಗ ಇಟಗೊ. ಅವ್ರು ತಸಬೀ ಎಣಸಾಕತ್ತಾರ.